ಕಾಲೇಜು ಸಂದರ್ಶನಕ್ಕೆ ಏನು ಹಾಕಿಕೊಳ್ಳಬೇಕು?

ಸಿಇಟಿ ರ‍್ಯಾಂಕ್ ಮೇಲೆ ಸೀಟು ಸಿಗುವಾಗ ನಿಮ್ಮ ಬಟ್ಟೆಯನ್ನು ಯಾರೂ ನೋಡುವುದಿಲ್ಲ. ಆದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ, ಕ್ರೈಸ್ಟ್ ವಿಶ್ವವಿದ್ಯಾಲಯಗಳಂಥ ಕಡೆ ಪ್ರವೇಶಕ್ಕೆ ಸಂದರ್ಶನವೂ ಉಂಟು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಿಂದ ಹೊರಡುವವರು ಬಟ್ಟೆ ಆರಿಸಿದರಷ್ಟೇ ಸಾಲದು. ದಾವಣಗೆರೆಗೆ ಬಸ್ಸು, ಅಲ್ಲಿಂದ ರೈಲು ದಾಟಿ ಅದು ಮುದುಡದೆ ತಲುಪಬೇಕು.

1. ಪತ್ರ ಓದಿ: ಕಾಲೇಜು ಕಳಿಸಿದ ಪತ್ರ ಅಥವಾ ಇಮೇಲ್‌ನಲ್ಲಿ ಉಡುಪಿನ ಸೂಚನೆ ಇದ್ದರೆ ಅದೇ ಕೊನೆಯ ಮಾತು.

2. ಇದ್ದುದರಲ್ಲೇ ಆರಿಸಿ: ಹುಡುಗರಿಗೆ ತಿಳಿ ನೀಲಿ ಅಥವಾ ಬಿಳಿ ತುಂಬುತೋಳಿನ ಅಂಗಿ, ಕಪ್ಪು ಇಲ್ಲವೇ ಗಾಢ ನೀಲಿ ಪ್ಯಾಂಟು ಸಾಕು. ಕೋಟು, ಟೈ ಕೇಳದಿದ್ದರೆ ಬೇಡ. ಹುಡುಗಿಯರಿಗೆ ಸಾದಾ ಚೂಡಿದಾರ್ ಒಪ್ಪುತ್ತದೆ. ಸೀರೆ ಉಟ್ಟು ರೂಢಿ ಇದ್ದರೆ ಮಾತ್ರ ಸೀರೆ. ಮದುವೆಗೆ ಹೊಲಿಸಿದ ಜರಿ ಬಟ್ಟೆ ಬೇಡ.

3. ಕೂತು ನೋಡಿ: ವಾರ ಮೊದಲೇ ಹಾಕಿಕೊಂಡು ಕುರ್ಚಿಯಲ್ಲಿ ಹತ್ತು ನಿಮಿಷ ಕೂತು, ಎದ್ದು, ಕೈ ಚಾಚಿ. ಗುಂಡಿಗಳ ನಡುವೆ ಅಂಗಿ ಬಾಯಿ ಬಿಟ್ಟರೆ, ದುಪಟ್ಟಾ ಪದೇ ಪದೇ ಜಾರಿದರೆ ಅಲ್ಲೇ ಸರಿಮಾಡಿ. ಮಾತಾಡುವಾಗ ಕೈ ಬಟ್ಟೆಯ ಕಡೆ ಹೋಗಬಾರದು. ಸೊಂಟ ಹಿಡಿಸುವುದು, ಅಂಚು ಮಡಿಸುವುದು ಊರಿನ ಟೈಲರ್‌ಗೆ ಸಣ್ಣ ಕೆಲಸ. ಹೊಸದು ಕೊಳ್ಳುವುದಕ್ಕಿಂತ ಅಗ್ಗ.

4. ಹಾಕಿಕೊಂಡು ಪ್ರಯಾಣ ಬೇಡ: ಇಸ್ತ್ರಿ ಮಾಡಿದ ಅಂಗಿಯ ಒಳಗೆ ಹಳೆ ಪೇಪರ್ ಇಟ್ಟು ಮಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬ್ಯಾಗಿನ ಮೇಲ್ಭಾಗದಲ್ಲಿಡಿ. ಗಂಜಿ ಹಾಕಿದ ಹತ್ತಿ ಬಟ್ಟೆ ಬೇಗ ಸುಕ್ಕಾಗುತ್ತದೆ. ದೂರದ ದಾರಿಗೆ ಹತ್ತಿ–ಪಾಲಿಯೆಸ್ಟರ್ ಬೆರಕೆ ಮೇಲು. ರೈಲಿಳಿದ ಮೇಲೆ ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಬದಲಿಸಿಕೊಳ್ಳಿ.

5. ಕಾಲು, ತಲೆ: ಹೊಸ ಶೂ ಆದರೆ ಮೊದಲೇ ನಾಲ್ಕು ದಿನ ಊರಲ್ಲಿ ಹಾಕಿ ಓಡಾಡಿ, ಇಲ್ಲವಾದರೆ ಹಿಮ್ಮಡಿ ಕಚ್ಚುತ್ತದೆ. ಉಗುರು ಕತ್ತರಿಸಿ, ಕೂದಲು ಬಾಚಿ. ವಿಭೂತಿ, ಕುಂಕುಮ ಅಳಿಸಬೇಕಿಲ್ಲ. ಹಡಗಲಿ ಮಲ್ಲಿಗೆಯ ದಂಡೆ, ಗಾಢ ಸೆಂಟು ಮಾತ್ರ ಆ ದಿನ ಬೇಡ. ಮುಚ್ಚಿದ ಕೋಣೆಯಲ್ಲಿ ಪರಿಮಳ ಹೆಚ್ಚಾಗುತ್ತದೆ.

6. ಆನ್‌ಲೈನ್ ಆದರೆ: ಒತ್ತೊತ್ತಾದ ಗೆರೆ, ಸಣ್ಣ ಚೌಕಳಿಯ ಬಟ್ಟೆ ಕ್ಯಾಮೆರಾದಲ್ಲಿ ಅಲುಗಿದಂತೆ ಕಾಣುತ್ತದೆ, ಒಂದೇ ಬಣ್ಣದ್ದು ಹಾಕಿ. ಬೆಳಕು ಮುಖದ ಮೇಲೆ ಬೀಳಲಿ. ಲುಂಗಿ ಮೇಲೆ ಅಂಗಿ ತೊಟ್ಟು ಕೂರಬೇಡಿ, ನಡುವೆ ಎದ್ದು ದಾಖಲೆ ತರಬೇಕಾಗಬಹುದು.

ಬ್ಯಾಗಿನಲ್ಲಿ ಎರಡು ಪಿನ್ನು, ಸೂಜಿ–ದಾರ, ಕರವಸ್ತ್ರ, ಇನ್ನೊಂದು ಅಂಗಿ ಇರಲಿ. ಅಂಕಪಟ್ಟಿಗೆ ಬೇರೆ ಫೈಲು ಮಾಡಿ. ನೀರಿನ ಬಾಟಲಿಯ ಪಕ್ಕ ಇಡಬೇಡಿ.