ಮನೆಬಾಗಿಲ ನಾಯಿಯೂ ನಮ್ಮ ನಡತೆಯೂ

ದಯೆಯ ವಿಚಾರವಾಗಿ ಬಸವಾದಿ ಶರಣರು ಬೋಧಿಸಿದುದು ನಮ್ಮ ಗೃಹಸ್ಥರಿಗೆ ಹೊಸದಲ್ಲ. ಆದರೆ ಆ ದಯೆಯು ನಮ್ಮ ಬಾಗಿಲಲ್ಲಿ ಮಲಗಿರುವ ನಾಯಿಯವರೆಗೆ ಮುಟ್ಟಿದೆಯೇ ಎಂಬುದನ್ನು ಒಮ್ಮೆ ಪರಾಮರ್ಶಿಸಬೇಕಾಗಿದೆ.

ಯಜಮಾನನು ಹೊಲದಿಂದ ಮನೆಗೆ ಬರುತ್ತಾನೆ. ರೊಟ್ಟಿಯ ಬುಟ್ಟಿ ಉರುಳಿ ಬಿದ್ದಿದೆ. ನಾಯಿಯು ಕಿವಿಗಳನ್ನು ಹಿಂದಕ್ಕೊತ್ತಿ, ಬಾಲವನ್ನು ಮುದುರಿಕೊಂಡು ಮೂಲೆ ಸೇರುತ್ತದೆ. "ಮಾಡಿದ ತಪ್ಪು ಅದಕ್ಕೇ ಗೊತ್ತು" ಎಂದು ಆತನು ಕೋಲೆತ್ತುತ್ತಾನೆ. ಈ ತೀರ್ಪು ನ್ಯಾಯವಾದುದೇ?

ಅಮೆರಿಕದ ವಿದುಷಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 14 ನಾಯಿಗಳನ್ನು ಪರೀಕ್ಷಿಸಿ, 2009ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ತಿನಿಸನ್ನು ಮುಟ್ಟಬಾರದೆಂದು ಆಜ್ಞಾಪಿಸಿ ಒಡೆಯನು ಹೊರಗೆ ಹೋಗುವನು. ಮರಳಿದಾಗ, ನಾಯಿಯು ತಿಂದಿತೆಂದೋ ತಿನ್ನಲಿಲ್ಲವೆಂದೋ ಆತನಿಗೆ ತಿಳಿಸಲಾಗುತ್ತಿತ್ತು. ಕೆಲವು ಸಲ ಹಾಗೆ ತಿಳಿಸಿದುದು ಸುಳ್ಳಾಗಿರುತ್ತಿತ್ತು. ತಪ್ಪಿತಸ್ಥನದೆಂದು ನಾವೆಣಿಸುವ ಆ ಮುಖಭಾವಕ್ಕೂ ನಾಯಿಯು ತಿಂದುದಕ್ಕೂ ಸಂಬಂಧವೇ ಕಂಡುಬರಲಿಲ್ಲ. ಒಡೆಯನು ಗದರಿಸಿದಾಗ ಆ ಭಾವವು ಹೆಚ್ಚಿತು. ಏನನ್ನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲಿಯಂತೂ ಮತ್ತಷ್ಟು ಎದ್ದು ಕಂಡಿತು. ನಾವು ಪಶ್ಚಾತ್ತಾಪವೆಂದು ಓದಿದುದು ನಮ್ಮ ಕೋಪಕ್ಕೆ ಅದು ಪಟ್ಟ ಅಂಜಿಕೆಯಾಗಿತ್ತು.

ಈ ಅಂಜಿಕೆಯು ದೇಹದೊಳಕ್ಕೂ ಇಳಿಯುವುದು. ಪೋರ್ಚುಗಲ್ ದೇಶದಲ್ಲಿ 92 ಸಾಕುನಾಯಿಗಳನ್ನು ಕುರಿತು ನಡೆದ ಅಧ್ಯಯನವು 2020ರಲ್ಲಿ ಪ್ರಕಟವಾಯಿತು. ದಂಡನೆಯೇ ಹೆಚ್ಚಾಗಿದ್ದ ಶಾಲೆಗಳಲ್ಲಿ ಕಲಿತ ನಾಯಿಗಳು ಉದ್ವೇಗದ ಲಕ್ಷಣಗಳನ್ನು ಹೆಚ್ಚಾಗಿ ತೋರಿದವು. ದೇಹವು ದುಗುಡದಲ್ಲಿ ಹೆಚ್ಚಾಗಿ ಸ್ರವಿಸುವ ಕಾರ್ಟಿಸಾಲ್ ಎಂಬ ರಸವು, ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಏರಿತ್ತು. ತಿನಿಸು ಕೊಟ್ಟು ಕಲಿಸಿದ ನಾಯಿಗಳಿಗೆ ಈ ಬಾಧೆಯಿರಲಿಲ್ಲ.

ಹೊಡೆಯದವರೂ ನಿರ್ದೋಷಿಗಳೆಂದು ಹೇಳಲಾಗದು. ಹಗಲಿರುಳು ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದೂ ಹಿಂಸೆಯೇ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟವನ್ನು ಕೊಡದಿರುವುದನ್ನು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯೂ ಅಪರಾಧವೆಂದು ಎಣಿಸಿದೆ.

ಆದುದರಿಂದ ಗೃಹಸ್ಥರು ಐದು ವಿಷಯಗಳನ್ನು ಮನಸ್ಸಿನಲ್ಲಿಡಬೇಕು. ಹಳೆಯ ತಪ್ಪಿಗೆ ದಂಡಿಸಬಾರದು. ಯಾವುದಕ್ಕೆ ಪೆಟ್ಟು ಬಿತ್ತೆಂಬುದು ನಾಯಿಗೆ ತಿಳಿಯದು. ಒಳ್ಳೆಯದನ್ನು ಮಾಡಿದೊಡನೆ ಒಂದು ತುತ್ತು ಕೊಟ್ಟು ಮೈದಡವಬೇಕು. ದಿನಾಲು ಸರಪಳಿ ಬಿಚ್ಚಿ ತಿರುಗಾಡಿಸಬೇಕು. ನೆರಳೂ ನೀರೂ ತಪ್ಪಬಾರದು. ವೈದ್ಯರು ಹೇಳಿದ ಕಾಲಕ್ಕೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಬೇಕು. ಅದರಿಂದ ನಾಯಿಗೂ ಮನೆಯ ಮಕ್ಕಳಿಗೂ ರಕ್ಷಣೆಯುಂಟು.

ಇಂದು ಸಂಜೆ ಮನೆಗೆ ಹೋದಾಗ ನಾಯಿಯು ನಮ್ಮನ್ನು ಹೇಗೆ ಎದುರುಗೊಳ್ಳುವುದೆಂದು ನೋಡೋಣ. ಅದು ಬಾಲವಾಡಿಸುತ್ತ ಬಂದರೆ ಸಂತೋಷ. ಮೂಲೆ ಸೇರಿದರೆ, ಅದರ ತಪ್ಪನ್ನು ಹುಡುಕುವ ಮೊದಲು ನಮ್ಮ ನಡತೆಯನ್ನು ತಿದ್ದಿಕೊಳ್ಳೋಣ.