ಸಾಕುಮೀನಿಗೆ ಆಹಾರ: ಪ್ರಮಾಣ ಮತ್ತು ಕ್ರಮ

ಜಲಚರಗಳಿಗೆ ಆಹಾರ ನೀಡುವುದು ನಮ್ಮ ದೇಶದಲ್ಲಿ ಹಿಂದಿನಿಂದಲೂ ಪುಣ್ಯಕಾರ್ಯವೆಂದು ಪರಿಗಣಿತವಾಗಿದೆ. ವಾರಾಣಸಿಯ ಘಾಟ್‌ಗಳಲ್ಲಿ ಗೋಧಿಹಿಟ್ಟಿನ ಸಣ್ಣ ಉಂಡೆಗಳನ್ನು ಕೊಂಡು ಗಂಗೆಯ ಮೀನುಗಳಿಗೆ ಹಾಕುವ ಯಾತ್ರಿಕರನ್ನು ಕಾಣಬಹುದು. ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುವ ಅಥವಾ ಕರ್ನಾಟಕ ಘಾಟ್‌ನಲ್ಲಿ ಸ್ನಾನ ಮಾಡುವ ಕನ್ನಡಿಗರಿಗೆ ಈ ದೃಶ್ಯ ಹೊಸದೇನಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚುವ ರೂಢಿ ಅವರಿಗೆ ಚಿರಪರಿಚಿತವಾದುದು.

ಹರಿಯುವ ನದಿಯಲ್ಲಿ ಹಾಕಿದ ಹಿಟ್ಟನ್ನು ತಿನ್ನಲು ನೂರಾರು ಮೀನುಗಳಿರುತ್ತವೆ. ಉಳಿದುದನ್ನು ಪ್ರವಾಹವು ಒಯ್ಯುತ್ತದೆ. ಆದರೆ ಅದೇ ಧಾರಾಳವಾದ ಕೈ ಮನೆಯೊಳಗಿನ ಗಾಜಿನ ತೊಟ್ಟಿಯ ಮೇಲೆ ಚಾಚಿದಾಗ ಪರಿಣಾಮವು ಬೇರೆಯಾಗುತ್ತದೆ. ಅಲ್ಲಿ ಒಂದೇ ಮೀನಿದೆ. ನೀರು ಎಲ್ಲಿಗೂ ಹರಿದುಹೋಗುವುದಿಲ್ಲ. ಮನೆಗಳಲ್ಲಿ ಸಾಕುವ ಮೀನುಗಳು ಹಸಿವಿನಿಂದ ಸಾಯುವುದು ಅಪರೂಪ. ಮಿತಿಮೀರಿದ ಆಹಾರದಿಂದ ಸಾಯುವುದು ಸಾಮಾನ್ಯ. ಆದುದರಿಂದ ಮೀನು ಸಾಕುವವರು ಮೊದಲು ಅರಿಯಬೇಕಾದುದು ಆಹಾರದ ಮಿತಿಯನ್ನು. ಇಂದು ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ, ಮಕ್ಕಳಿಗೆ ಅಚ್ಚುಮೆಚ್ಚಿನ ಫೈಟರ್ ಮೀನನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮೀನಿನ ಸ್ವಭಾವ

ಬೆಟ್ಟಾ ಎಂಬ ಹೆಸರಿನಿಂದಲೂ ಕರೆಯಲ್ಪಡುವ ಫೈಟರ್ ಮೀನಿನ ಮೂಲ ನೆಲೆ ಥಾಯ್ಲೆಂಡ್. ಅಲ್ಲಿನ ಗದ್ದೆಗಳಲ್ಲಿ, ಜೌಗು ಪ್ರದೇಶಗಳಲ್ಲಿ, ಆಳವಿಲ್ಲದ ನೀರಿನಲ್ಲಿ ಅದು ವಾಸಿಸುತ್ತದೆ. 1910ರಲ್ಲಿ ಅದಕ್ಕೆ ಈಗಿನ ವೈಜ್ಞಾನಿಕ ಹೆಸರು ದೊರೆಯಿತು. 2019ರಲ್ಲಿ ಥಾಯ್ಲೆಂಡ್ ಸರ್ಕಾರವು ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಗಂಡು ಮೀನುಗಳು ಒಂದನ್ನೊಂದು ಕಂಡರೆ ಕಾದಾಡುವುದರಿಂದ ಅವುಗಳನ್ನು ಬೇರೆಬೇರೆಯಾಗಿಯೇ ಇಡಬೇಕಾಗುತ್ತದೆ.

ಈ ಮೀನಿನ ಬಂಧುಗಳು ಗಂಗಾ ಬಯಲಿನಲ್ಲೂ ಇವೆ. 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರದೇಶಗಳಲ್ಲಿ ಸಂಚರಿಸಿ ಅಲ್ಲಿನ ಬೇಸಾಯ, ಜನಜೀವನಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಕರ್ನಾಟಕದ ಇತಿಹಾಸಾಸಕ್ತರಿಗೆ ಪರಿಚಿತರು. ಅವರೇ ಮುಂದೆ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಆ ಗ್ರಂಥದಲ್ಲಿ ವರ್ಣಿತವಾಗಿರುವ ಚಿಕ್ಕ ಗೌರಾಮಿ ಮೀನು ಫೈಟರ್ ಮೀನಿನ ಕುಟುಂಬಕ್ಕೇ ಸೇರಿದುದು. ಈ ಕುಟುಂಬದ ಮೀನುಗಳು ಕಿವಿರುಗಳ ಜೊತೆಗೆ ತಲೆಯೊಳಗಿನ ಒಂದು ವಿಶೇಷ ಅಂಗದ ನೆರವಿನಿಂದ ನೀರಿನ ಮೇಲಿನ ಗಾಳಿಯನ್ನೂ ಉಸಿರಾಡಬಲ್ಲವು.

ಫೈಟರ್ ಮೀನು ಮಾಂಸಾಹಾರಿ. ನೀರಿಗೆ ಬೀಳುವ ಕೀಟಗಳು, ಸೊಳ್ಳೆಯ ಮರಿಹುಳುಗಳು, ಸೂಕ್ಷ್ಮ ಜಲಜೀವಿಗಳು ಅದರ ಸಹಜ ಆಹಾರ. ಪ್ರಕೃತಿಯಲ್ಲಿ ಅದಕ್ಕೆ ದಿನವೂ ಹೊಟ್ಟೆ ತುಂಬ ಸಿಗುವುದಿಲ್ಲ. ಆದುದರಿಂದ ಕಂಡಾಗಲೆಲ್ಲ ನುಂಗುವುದು ಅದರ ಹುಟ್ಟುಗುಣ. ಮನುಷ್ಯರು ಸಮೀಪಿಸಿದೊಡನೆ ಅದು ಗಾಜಿನ ಬಳಿಗೆ ಬಂದು ಈಜಾಡುವುದನ್ನು ಹಸಿವಿನ ಸೂಚನೆಯೆಂದು ಅನೇಕರು ಭಾವಿಸುತ್ತಾರೆ. ಕೈ ಕಂಡಾಗ ಆಹಾರ ಬೀಳುತ್ತದೆ ಎಂಬುದನ್ನು ಅದು ಕಲಿತಿದೆ ಎಂಬುದಷ್ಟೇ ಅದರ ಅರ್ಥ.

ಎಷ್ಟು, ಎಷ್ಟು ಸಲ?

ಫೈಟರ್ ಮೀನಿನ ಜಠರವು ಹೆಚ್ಚುಕಡಿಮೆ ಅದರ ಕಣ್ಣಿನಷ್ಟೇ ದೊಡ್ಡದು ಎಂಬುದು ಮೀನು ಸಾಕುವವರು ಬಳಸುವ ಒಂದು ಸ್ಥೂಲವಾದ ಅಳತೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಚಿಟಿಕೆಯಷ್ಟು ಆಹಾರವೂ ಅದಕ್ಕೆ ಅತಿಯೆಂಬುದು ತಿಳಿಯುತ್ತದೆ.

ಬೆಳೆದ ಮೀನಿಗೆ ಬೆಳಿಗ್ಗೆ ಮತ್ತು ಸಂಜೆ, ದಿನಕ್ಕೆ ಎರಡು ಸಲ, ಪ್ರತಿ ಸಲವೂ 2ರಿಂದ 3 ಸಣ್ಣ ಹರಳುಗಳಷ್ಟು ಸಿದ್ಧ ಆಹಾರ ಸಾಕು. ಹರಳುಗಳನ್ನು ಒಂದೊಂದಾಗಿ ಹಾಕಿ, ಮೊದಲನೆಯದನ್ನು ನುಂಗಿದ ಮೇಲೆ ಎರಡನೆಯದನ್ನು ಹಾಕುವುದು ಉತ್ತಮ. ಎರಡು ನಿಮಿಷಗಳೊಳಗೆ ತಿನ್ನದೆ ಬಿಟ್ಟುದನ್ನು ಸಣ್ಣ ಬಲೆಯಿಂದಾಗಲೀ ಪಿಚಕಾರಿಯಿಂದಾಗಲೀ ಕೂಡಲೆ ತೆಗೆದುಹಾಕಬೇಕು. ವಾರಕ್ಕೊಂದು ದಿನ ಆಹಾರ ಕೊಡದಿರುವ ಪದ್ಧತಿಯೂ ಉಂಟು. ಇದರಿಂದ ಆರೋಗ್ಯವಂತ ಮೀನಿಗೆ ಬಾಧೆಯಾಗುವುದಿಲ್ಲ. ಎಳೆಯ ಮರಿಗಳ ವಿಷಯ ಬೇರೆ. ಅವು ಬೇಗ ಬೆಳೆಯುವುದರಿಂದ ಅತಿ ಸೂಕ್ಷ್ಮವಾದ ಆಹಾರವನ್ನು ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪವಾಗಿ ಕೊಡಬೇಕಾಗುತ್ತದೆ.

ತುಂಬು ಸಂಸಾರದ ಮನೆಗಳಲ್ಲಿ ಒಂದು ತೊಡಕು ಸಾಮಾನ್ಯವಾಗಿ ಉಂಟಾಗುತ್ತದೆ. ಶಾಲೆಗೆ ಹೊರಡುವ ಮಗು ಒಮ್ಮೆ, ಪೂಜೆ ಮುಗಿಸಿದ ಅಜ್ಜಿ ಒಮ್ಮೆ, ಕೆಲಸದಿಂದ ಮರಳಿದ ತಂದೆ ಒಮ್ಮೆ ಹೀಗೆ ಪ್ರತಿಯೊಬ್ಬರೂ ಪ್ರೀತಿಯಿಂದ ಆಹಾರ ಹಾಕುತ್ತಾರೆ. ಯಾರೊಬ್ಬರೂ ಹೆಚ್ಚು ಹಾಕಿರುವುದಿಲ್ಲ. ಆದರೂ ಒಟ್ಟು ಪ್ರಮಾಣ ಮೂರು ಪಟ್ಟಾಗಿರುತ್ತದೆ. ಈ ಹೊಣೆಯನ್ನು ಒಬ್ಬರಿಗೇ ವಹಿಸುವುದು, ಇಲ್ಲವೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸಲವೂ ಗುರುತು ಹಾಕುವುದು ಇದಕ್ಕೆ ಸುಲಭವಾದ ಪರಿಹಾರ.

ಹೊಟ್ಟೆ ಉಬ್ಬುವುದು, ಮೀನು ಓರೆಯಾಗಿ ತೇಲುವುದು, ತಳದಲ್ಲಿ ನಿಶ್ಚಲವಾಗಿ ಮಲಗುವುದು ಅತಿ ಆಹಾರದ ಲಕ್ಷಣಗಳಿರಬಹುದು. ಆಗ ಒಂದೆರಡು ದಿನ ಆಹಾರ ನಿಲ್ಲಿಸಿ, ನೀರನ್ನು ಭಾಗಶಃ ಬದಲಿಸಿ ನೋಡಬೇಕು. ಮೈಮೇಲಿನ ಹುರುಪೆಗಳು ನಿಮಿರಿ ನಿಂತರೆ ಅದು ಕಠಿಣ ಕಾಯಿಲೆಯ ಚಿಹ್ನೆ. ಕೇವಲ ಉಪವಾಸದಿಂದ ವಾಸಿಯಾಗದು. ಇದಕ್ಕೆ ವ್ಯತಿರಿಕ್ತವಾಗಿ ಹೊಟ್ಟೆ ಒಳಸರಿದು ಬೆನ್ನು ಬಡಕಲಾಗಿದ್ದರೆ ಆಹಾರ ಸಾಲದೆಂದು ತಿಳಿಯಬೇಕು.

ಉಳಿದ ಆಹಾರದ ಗತಿ

ತಿನ್ನದೆ ಉಳಿದ ಆಹಾರವು ತೊಟ್ಟಿಯ ತಳದಲ್ಲಿ ಕೊಳೆತು ಅಮೋನಿಯಾ ಎಂಬ ವಿಷವಸ್ತು ಉತ್ಪತ್ತಿಯಾಗುತ್ತದೆ. ಮೀನು ತಿಂದ ಆಹಾರದ ತ್ಯಾಜ್ಯವೂ ಬಹುಮಟ್ಟಿಗೆ ಅಮೋನಿಯಾ ರೂಪದಲ್ಲೇ ಅದರ ಕಿವಿರುಗಳಿಂದ ಹೊರಬೀಳುತ್ತದೆ. ನೆಲೆಗೊಂಡ ತೊಟ್ಟಿಯಲ್ಲಿ ಬೆಳೆದಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟೊಂದು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಒಂದೆರಡು ಲೀಟರ್ ನೀರು ಹಿಡಿಯುವ ಬೋಗುಣಿಯಲ್ಲಿ ಈ ವ್ಯವಸ್ಥೆ ನೆಲೆಗೊಳ್ಳುವುದು ಕಷ್ಟ. ಅದೇ ಪ್ರಮಾಣದ ವಿಷವು ಅಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ಆದುದರಿಂದ ಒಂದು ಮೀನಿಗೂ 15ರಿಂದ 20 ಲೀಟರ್ ನೀರಿನ ತೊಟ್ಟಿ ಇರುವುದು ಒಳ್ಳೆಯದು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಫೈಟರ್ ಮೀನು ಗಾಳಿಯನ್ನು ಉಸಿರಾಡಬಲ್ಲುದರಿಂದ ಆಮ್ಲಜನಕ ಕಡಿಮೆಯಾದ ಕಲುಷಿತ ನೀರಿನಲ್ಲೂ ಕೆಲಕಾಲ ಬದುಕುತ್ತದೆ. ಇದನ್ನು ಕಂಡು ನೀರು ಸರಿಯಾಗಿದೆಯೆಂದು ಸಾಕುವವರು ಮೋಸಹೋಗುತ್ತಾರೆ. ಆದರೆ ಅಮೋನಿಯಾವು ಅದರ ಕಿವಿರುಗಳನ್ನೂ ಈಜುರೆಕ್ಕೆಗಳನ್ನೂ ಸುಡುತ್ತಲೇ ಇರುತ್ತದೆ. ನೀರು ಹಾಲಿನಂತೆ ಮಬ್ಬಾಗುವುದು, ವಾಸನೆ ಬರುವುದು ಎಚ್ಚರಿಕೆಯ ಗಂಟೆಗಳು.

ವಾರಕ್ಕೊಮ್ಮೆ ನೀರಿನ ಸುಮಾರು ಶೇಕಡ 25 ಭಾಗವನ್ನು ಬದಲಿಸಬೇಕು. ವಾರಾಣಸಿಯಲ್ಲಿ ಭದೈನಿ ಸ್ಥಾವರವು ಗಂಗೆಯಿಂದ ಎತ್ತುವ ನೀರನ್ನು ಶುದ್ಧೀಕರಿಸಿ ನಗರಕ್ಕೆ ಪೂರೈಸಲಾಗುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುತ್ತದೆ. ಎಲ್ಲಿಯೇ ಆಗಲಿ, ಕ್ಲೋರಿನ್ ಬೆರೆಸಿದ ನಲ್ಲಿ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಅಥವಾ ಕ್ಲೋರಿನ್ ನಿವಾರಕವನ್ನು ಬಳಸಿ, ಅನಂತರವೇ ತೊಟ್ಟಿಗೆ ಹಾಕಬೇಕು.

ಋತುಮಾನಕ್ಕೆ ತಕ್ಕ ಆಹಾರ

ಮೀನು ಶೀತರಕ್ತ ಪ್ರಾಣಿ. ಅದರ ಜೀರ್ಣಶಕ್ತಿಯು ನೀರಿನ ಉಷ್ಣತೆಯನ್ನು ಅವಲಂಬಿಸಿದೆ. ಫೈಟರ್ ಮೀನಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತಕರವಾದುದು. ಕರಾವಳಿಯ ಮಂಗಳೂರಿನಲ್ಲಿ ವರ್ಷದ ಬಹುಕಾಲ ಇದರ ಚಿಂತೆಯಿಲ್ಲ. ವಾರಾಣಸಿಯ ಹವೆಯು ಹಾಗಲ್ಲ. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಉಷ್ಣತೆಯು 10 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಕರ್ನಾಟಕದಿಂದ ಓದಿಗಾಗಿ, ಉದ್ಯೋಗಕ್ಕಾಗಿ ಅಲ್ಲಿಗೆ ಹೋಗಿ ನೆಲೆಸುವವರು ಊರಿನ ಲೆಕ್ಕವನ್ನೇ ಅಲ್ಲಿಯೂ ಅನುಸರಿಸಿದರೆ ಮೀನು ಉಳಿಯುವುದು ಕಷ್ಟ.

ನೀರು ತಣ್ಣಗಾದಾಗ ಮೀನು ಮಂಕಾಗಿ ಆಹಾರವನ್ನು ನಿರಾಕರಿಸುತ್ತದೆ. ತಿಂದರೂ ಜೀರ್ಣವಾಗುವುದಿಲ್ಲ. ಆಗ ಹೆಚ್ಚು ಹಾಕಿ ಒಲಿಸಲು ಯತ್ನಿಸುವುದು ತಪ್ಪು. ಥರ್ಮೋಸ್ಟಾಟ್ ಇರುವ ಹೀಟರಿನಿಂದ ನೀರನ್ನು ನಿಧಾನವಾಗಿ ಬೆಚ್ಚಗಾಗಿಸಿ, ಅಲ್ಲಿಯವರೆಗೆ ಆಹಾರವನ್ನು ಮೊಟಕುಗೊಳಿಸಬೇಕು. ಬೇಸಿಗೆಯಲ್ಲಿ ಉಳಿದ ಆಹಾರವು ಬೇಗ ಕೊಳೆಯುತ್ತದೆ. ಜೊತೆಗೆ ಬೆಚ್ಚಗಿನ, ಕ್ಷಾರಗುಣವುಳ್ಳ ನೀರಿನಲ್ಲಿ ಅಮೋನಿಯಾದ ವಿಷ ಹೆಚ್ಚುತ್ತದೆ. ಆದುದರಿಂದ ಆ ಕಾಲದಲ್ಲಿ ತೊಟ್ಟಿಯನ್ನು ಬಿಸಿಲಿನಿಂದ ದೂರವಿಟ್ಟು, ತಳವನ್ನು ನಿತ್ಯವೂ ಶುಚಿಗೊಳಿಸಬೇಕು.

ಯಾವ ಆಹಾರ?

ಮೀನಿನ ಬಗೆಗೆ ತಕ್ಕಂತೆ ಆಹಾರವೂ ಬೇರೆಯೆಂಬ ಅರಿವು ಕನ್ನಡ ನಾಡಿಗೆ ಹಳೆಯದು. 12ನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಮತ್ಸ್ಯವಿನೋದವೆಂಬ ಭಾಗವು ಮೀನುಗಳ ಪ್ರಭೇದಗಳನ್ನೂ ಅವುಗಳಿಗೆ ಒಡ್ಡುವ ಆಹಾರವನ್ನೂ ವಿವರಿಸುತ್ತದೆ. ಗಂಗೆಯ ರೋಹು ಮೀನಿಗೆ ಹಿಟ್ಟಿನ ಉಂಡೆ ರುಚಿಸಬಹುದು. ಫೈಟರ್ ಮೀನಿಗೆ ಹಿಟ್ಟು, ಅನ್ನ, ಬ್ರೆಡ್ಡು, ಬಿಸ್ಕತ್ತು ಯಾವುದೂ ಯೋಗ್ಯವಲ್ಲ. ಮೀನು ಅಥವಾ ಸೀಗಡಿಯ ಪುಡಿಯಿಂದ ತಯಾರಿಸಿದ, ಅದಕ್ಕೆಂದೇ ಮಾರುವ ಹರಳು ಆಹಾರವು ಮುಖ್ಯವಾಗಿರಲಿ. ವಾರಕ್ಕೆ ಒಂದೆರಡು ಸಲ ಆರ್ಟೀಮಿಯಾ ಅಥವಾ ಡ್ಯಾಫ್ನಿಯಾ ಎಂಬ ಸೂಕ್ಷ್ಮ ಜಲಜೀವಿಗಳನ್ನು ಕೊಡಬಹುದು. ಚರಂಡಿಯ ಕೆಸರಿನಲ್ಲಿ ಬೆಳೆಯುವ ಟ್ಯೂಬಿಫೆಕ್ಸ್ ಹುಳುಗಳಿಂದ ರೋಗ ತಗಲುವ ಸಂಭವವಿದೆ. ಮೀನಿನ ಆಹಾರಕ್ಕಾಗಿ ಮನೆಯಲ್ಲಿ ನೀರು ನಿಲ್ಲಿಸಿ ಸೊಳ್ಳೆಯ ಮರಿಗಳನ್ನು ಬೆಳೆಸುವುದು ಡೆಂಗಿಗೆ ಆಹ್ವಾನವಿತ್ತಂತೆ.

ಪರಸ್ಥಳಕ್ಕೆ ಹೋಗುವಾಗ

ಆರೋಗ್ಯವಂತ ಮೀನು ಮೂರು ನಾಲ್ಕು ದಿನ ಆಹಾರವಿಲ್ಲದೆ ಇರಬಲ್ಲುದು. ಹೊರಡುವ ಮುನ್ನ ಒಟ್ಟಿಗೆ ಹಾಕಿ ಹೋಗುವುದು ಅಪಾಯಕರ. ಹೆಚ್ಚು ದಿನಗಳ ಪ್ರಯಾಣವಾದರೆ, ಒಂದೊಂದು ದಿನದ ಹರಳುಗಳನ್ನು ಎಣಿಸಿ ಪ್ರತ್ಯೇಕ ಕಾಗದದ ಪೊಟ್ಟಣಗಳಲ್ಲಿ ಕಟ್ಟಿ ನೆರೆಯವರಿಗೆ ಒಪ್ಪಿಸಬೇಕು. ಉಳಿದ ಆಹಾರದ ಡಬ್ಬಿಯನ್ನು ಅವರ ಕೈಗೆ ಕೊಡದಿರುವುದು ಲೇಸು.

ನದಿಗೆ ಬಿಡುವುದು ಸಲ್ಲದು

ಸಾಕಲಾಗದ ಮೀನನ್ನು ಗಂಗೆಗೆ ಬಿಟ್ಟರೆ ಪುಣ್ಯವೆಂದು ಭಾವಿಸುವವರಿದ್ದಾರೆ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿ ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ದೊರೆತಾಗ ಈ ಅಭ್ಯಾಸದ ಅಪಾಯವು ಜನರ ಗಮನಕ್ಕೆ ಬಂದಿತು. ಅದು ಅಕ್ವೇರಿಯಂಗಳಿಗಾಗಿ ತರಿಸಲಾಗುವ ಮೀನು. ಇಂತಹ ಪರದೇಶದ ಮೀನುಗಳು ನದಿಯಲ್ಲಿ ನೆಲೆಯೂರಿದರೆ ಸ್ಥಳೀಯ ಮೀನುಗಳ ಆಹಾರಕ್ಕೂ ಸಂತತಿಗೂ ಕುತ್ತು ಉಂಟಾಗುತ್ತದೆ. ಅವುಗಳನ್ನೇ ನಂಬಿದ ಬೆಸ್ತರ ಜೀವನಕ್ಕೂ ತೊಂದರೆಯಾಗುತ್ತದೆ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೆ ಸಾಕಬಲ್ಲ ಮತ್ತೊಬ್ಬರಿಗೆ ಕೊಡಬೇಕು.

ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಗಟ್ಟುವ 1960ರ ಕಾಯಿದೆಯಂತೆ, ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದಿರುವುದು ಅಪರಾಧ. ಜೀವಿಗಳಲ್ಲಿ ದಯೆಯಿರಬೇಕೆಂಬುದನ್ನು ಸಂವಿಧಾನವೂ ನಾಗರಿಕರ ಮೂಲಭೂತ ಕರ್ತವ್ಯವಾಗಿ ಹೇಳಿದೆ. ಒಂದು ಪುಟ್ಟ ಮೀನಿನ ವಿಷಯದಲ್ಲಿ ಆ ದಯೆಯನ್ನು ಅಳೆಯುವುದು ಎಷ್ಟು ಹಾಕಿದೆವೆಂಬುದರಿಂದಲ್ಲ. ಎರಡು ಹರಳು ಹಾಕಿ, ಮೂರನೆಯದು ಬೇಕೇ ಎಂದು ನಿಂತು ನೋಡುವ ತಾಳ್ಮೆಯಿದ್ದಲ್ಲಿ ನೀರು ತಿಳಿಯಾಗಿರುತ್ತದೆ. ಮೀನೂ ಬಹುಕಾಲ ಬಾಳುತ್ತದೆ.