ಕಿರುಬೆರಳು ಜೋಮು ಹಿಡಿದರೆ

ಮಗಾ, ಮೊನ್ನೆ ಗೌರಿ ಹಬ್ಬಕ್ಕೆ ಬಂದವನು ರಾತ್ರಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆಯಲ್ಲ, ಆಗ ನೋಡಿದೆ. ಎಡಗೈಯಲ್ಲಿ ಮೊಬೈಲು, ಮೊಣಕೈ ಪೂರ್ತಿ ಮಡಚಿ ನೆಲಕ್ಕೆ ಊರಿದ್ದೆ. ಆಗಾಗ ಮೊಬೈಲನ್ನು ಎದೆಯ ಮೇಲಿಟ್ಟು ಕೈ ಕೊಡವುತ್ತಿದ್ದೆ. ಕೇಳಿದ್ದಕ್ಕೆ, "ಏನಿಲ್ಲ ತಾತ, ಕಿರುಬೆರಳು ಜೋಮು ಹಿಡಿಯುತ್ತೆ, ಆಮೇಲೆ ಸರಿಹೋಗುತ್ತೆ" ಅಂದೆ. ಇದೇ ಮಾತನ್ನು ನಾನೂ ಮೂರು ವರ್ಷ ಹೇಳಿಕೊಂಡು ತಿರುಗಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಬಲಗೈ ನೀನು ನೋಡಿದ್ದೀಯ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಕೈಯ ಹಿಂಬದಿಯಲ್ಲಿ, ನಿನಗೆ ಮಾಂಸ ಉಬ್ಬಿಕೊಂಡಿದೆ. ನನಗೆ ಅಲ್ಲಿ ಗುಳಿ. ಚಿಕ್ಕವನಿದ್ದಾಗ ಆ ಗುಳಿಯಲ್ಲಿ ಕಡಲೆಬೀಜ ಇಟ್ಟು ಆಡುತ್ತಿದ್ದೆ, ನೆನಪಿದೆಯಾ? ಅದು ವಯಸ್ಸಿಗೆ ಬಂದ ಗುಳಿಯಲ್ಲ.

31 ವರ್ಷ ಬಸ್ಸು ಓಡಿಸಿದೆ. ಶಿರಾಡಿ ಘಾಟಿಯಲ್ಲಿ ಮೈಯೆಲ್ಲ ಕಣ್ಣಾಗಿರಬೇಕಿತ್ತು. ಸಕಲೇಶಪುರ ದಾಟಿ ಹಾಸನದ ಕಡೆ ರಸ್ತೆ ಹದಕ್ಕೆ ಬಂತೋ ಇಲ್ಲವೋ, ಬಲ ಮೊಣಕೈ ತಾನಾಗಿಯೇ ಕಿಟಕಿಯ ತಗಡಿನ ಅಂಚಿಗೆ ಹೋಗಿ ಕೂರುತ್ತಿತ್ತು. ಗಂಟೆಗಟ್ಟಲೆ ಅಲ್ಲೇ. ಎಂಜಿನ್ನಿನ ನಡುಕವೆಲ್ಲ ಆ ತಗಡಿನಿಂದ ನೇರ ಮೂಳೆಗೆ.

ಮೊಣಕೈ ಬಾಗಿಲಿಗೆ ತಗುಲಿದಾಗ ಜುಂ ಅಂತ ಕಿರುಬೆರಳಿನ ತನಕ ಶಾಕ್ ಹೊಡೆಯುತ್ತದಲ್ಲ, ಏಟು ಬೀಳುವುದು ನರಕ್ಕೆ. ಅಲ್ನರ್ ನರ ಅಂತ ಅದರ ಹೆಸರು. ಕುತ್ತಿಗೆಯಿಂದ ಹೊರಟು, ತೋಳಿನ ಒಳಬದಿಯಲ್ಲಿ ಇಳಿದು, ಮೊಣಕೈ ಒಳಮಗ್ಗುಲಿನ ಮೂಳೆಗುಬ್ಬಿಯ ಹಿಂದೆ ಇಕ್ಕಟ್ಟಾದ ಓಣಿಯಲ್ಲಿ ನುಸುಳಿ ಅಂಗೈಗೆ ಹೋಗುತ್ತದೆ. ಮೇಲೆ ತೋಳಿನಲ್ಲಿ ಮಾಂಸದ ಮರೆಯಲ್ಲಿರುವ ನರ ಈ ಓಣಿಯಲ್ಲಿ ಚರ್ಮದ ಕೆಳಗೇ ಇರುತ್ತದೆ. ಕೈ ಮಡಚಿದರೆ ನರ ಮೂಳೆಯ ಸುತ್ತ ಎಳೆದುಕೊಳ್ಳುತ್ತದೆ, ಓಣಿಯೂ ಕಿರಿದಾಗುತ್ತದೆ. ಮೇಲಿಂದ ಊರಿ ಕೂತರೆ ಒತ್ತಡ ಎರಡು ಕಡೆಯಿಂದ. ವೈದ್ಯರು ಇದನ್ನು ಕ್ಯೂಬಿಟಲ್ ಟನಲ್ ಸಿಂಡ್ರೋಮ್ ಅನ್ನುತ್ತಾರೆ. ಕೈಯಲ್ಲಿ ನರ ಒತ್ತಿಕೊಳ್ಳುವ ತೊಂದರೆಗಳಲ್ಲಿ ಮಣಿಕಟ್ಟಿನದು ಹೆಚ್ಚು ಸಾಮಾನ್ಯ, ಅದರ ನಂತರ ಇದೇ.

ಮಣಿಕಟ್ಟಿನದಾದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಇದರಲ್ಲಿ ಕಿರುಬೆರಳು, ಜೊತೆಗೆ ಉಂಗುರದ ಬೆರಳಿನ ಅರ್ಧ. ಆ ಬೆರಳನ್ನು ಎರಡು ನರಗಳು ಪಾಲು ಮಾಡಿಕೊಂಡಿವೆ. ಕಿರುಬೆರಳ ಕಡೆಯ ಪಕ್ಕ ಮರಗಟ್ಟಿದರೂ ಇನ್ನೊಂದು ಪಕ್ಕಕ್ಕೆ ಏನೂ ಆಗಿರುವುದಿಲ್ಲ. ನಿನ್ನ ಬೆರಳನ್ನು ಹಾಗೇ ಸವರಿ ನೋಡಿಕೋ.

ನನಗೆ ಮೊದಲು ಡ್ಯೂಟಿ ಮುಗಿದ ಮೇಲೆ ಜೋಮು. ಆಮೇಲೆ ನಡುರಾತ್ರಿ ಎಚ್ಚರವಾಗುವಷ್ಟು. ವಾಯು ಅಂದುಕೊಂಡೆ. ಅಂಗಡಿಯಲ್ಲಿ ಕೇಳಿ ನರದ ಮಾತ್ರೆ ನುಂಗಿದೆ, ಎಣ್ಣೆ ಹಚ್ಚಿ ಸರಿಯಾಗಿ ಆ ಸಂದಿನಲ್ಲೇ ತಿಕ್ಕಿಸಿಕೊಂಡೆ. ಮೊದಲೇ ನೊಂದ ನರವನ್ನು ಇನ್ನಷ್ಟು ಒತ್ತಿದ ಹಾಗಾಯಿತು. ಡಾಕ್ಟರ ಹತ್ತಿರ ಹೋದರೆ ಸ್ಟಿಯರಿಂಗ್ ಕೈತಪ್ಪುತ್ತದೆ ಅನ್ನುವ ಭಯ ಬೇರೆ. ಕೊನೆಕೊನೆಗೆ ಜೇಬಿಗೆ ಕೈ ಹಾಕಿದರೆ ಕಿರುಬೆರಳು ಹೊರಗೇ ಸಿಕ್ಕಿಕೊಳ್ಳುತ್ತಿತ್ತು, ಬೀಗದ ಕೈ ತಿರುಗಿಸಲು ಬಲ ಸಾಲದು. ಮೊಸರನ್ನ ಕಲಸಿ ಎತ್ತಿದರೆ ಬೆರಳ ಸಂದಿನಿಂದ ತಟ್ಟೆಗೇ ಸೋರುತ್ತಿತ್ತು. ನಿಮ್ಮಜ್ಜಿ ಅದನ್ನು ನೋಡಿ ಏನೂ ಮಾತಾಡದೆ ಚಮಚ ತಂದಿಟ್ಟಳು. ಮರುದಿನವೇ ಆಸ್ಪತ್ರೆಗೆ ಹೋದೆ.

ಅಲ್ಲಿನ ಡಾಕ್ಟರು ನನ್ನ ಜೇಬಿನಲ್ಲಿದ್ದ ಬಸ್ ಟಿಕೆಟ್ಟನ್ನೇ ತೆಗೆಸಿದರು. ಹೆಬ್ಬೆರಳು ನೆಟ್ಟಗಿಟ್ಟು, ತೋರುಬೆರಳ ಪಕ್ಕಕ್ಕೆ ಒತ್ತಿ ಹಿಡಿಯಲು ಹೇಳಿ ಎಳೆದರು. ಎಡಗೈಯಲ್ಲಿ ಟಿಕೆಟ್ಟು ಹರಿಯಿತೇ ಹೊರತು ಬಿಡಲಿಲ್ಲ. ಬಲಗೈಯಲ್ಲಿ ಹೆಬ್ಬೆರಳ ತುದಿ ತಾನಾಗಿಯೇ ಬಾಗಿತು, ಟಿಕೆಟ್ಟು ಜಾರಿ ಅವರ ಕೈಗೆ ಹೋಯಿತು. ಫ್ರೋಮಾಂ ಎಂಬ ಫ್ರೆಂಚ್ ವೈದ್ಯರು 1915ರಲ್ಲಿ ವಿವರಿಸಿದ ಪರೀಕ್ಷೆಯಂತೆ. ನೂರು ವರ್ಷ ಕಳೆದರೂ ಒಂದು ಚೂರು ಕಾಗದ ಸಾಕು.

ಅವರು ಇನ್ನೊಂದು ಕೆಲಸ ಮಾಡಿದರು, ಅದನ್ನು ನೀನು ತಿಳಿದಿರಬೇಕು. ಮೊಣಕೈ ಮೇಲ್ಗಡೆ ನರ ದಪ್ಪವಾಗಿದೆಯಾ ಎಂದು ಮುಟ್ಟಿ ನೋಡಿದರು; ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದೆಯಾ ಎಂದು ಕೇಳಿದರು. ಕುಷ್ಠರೋಗ ಇದೇ ನರಕ್ಕೆ ಬಹಳ ಸಲ ತಗಲುತ್ತದೆ. ನಮ್ಮ ದೇಶದಲ್ಲಿ ಅದನ್ನು ನೋಡದೆ ಬಿಡಬಾರದು. ಹೆಸರು ಕೇಳಿಯೇ ಮುಚ್ಚಿಡುವವರಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಪುಕ್ಕಟೆ ಸಿಗುತ್ತದೆ, ಪೂರ್ತಿ ವಾಸಿಯೂ ಆಗುತ್ತದೆ. ಮುಚ್ಚಿಟ್ಟವರ ಕೈಗಳೇ ಹಾಳಾಗುವುದು. ಸಕ್ಕರೆ ಕಾಯಿಲೆ, ಕುತ್ತಿಗೆಯಲ್ಲೇ ನರ ಒತ್ತಿಕೊಳ್ಳುವುದು, ಚಿಕ್ಕಂದಿನಲ್ಲಿ ಮೊಣಕೈ ಮುರಿದು ಸೊಟ್ಟಗೆ ಕೂಡಿದ್ದು, ಇವನ್ನೂ ವಿಚಾರಿಸಿದರು. ಆಮೇಲೆ ಸಣ್ಣ ಕರೆಂಟು ಕೊಟ್ಟು ನರದ ವೇಗ ಅಳೆಯುವ ಪರೀಕ್ಷೆ. ಚುರುಕ್ ಅನ್ನುತ್ತದೆ, ಅಷ್ಟೇ. ನನ್ನದು ಮೊಣಕೈ ಹತ್ತಿರ ಬಂದು ನಿಧಾನವಾಗುತ್ತಿತ್ತು.

ನಿನ್ನದು ಎಡಗೈ ಆದ್ದರಿಂದ ಒಂದು ಮಾತು: ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು ಜೊತೆಗೆ ಬಂದರೆ ಈ ಕಾಗದ ಬಿಸಾಕಿ ಆಸ್ಪತ್ರೆಗೆ ಓಡು.

ನಿನ್ನ ಹಾಗೆ ಬಂದುಹೋಗುವ ಜೋಮಿಗೆ ಬಹಳ ಸಲ ಕತ್ತರಿಯೇ ಬೇಕಾಗುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಕೈ ಮಡಚದಂತೆ ನೋಡಿಕೊಳ್ಳಬೇಕು. ಹಳೆಯ ಟವೆಲನ್ನು ಮೊಣಕೈಗೆ ಸುತ್ತಿ ಸಡಿಲವಾಗಿ ಕಟ್ಟಿಕೋ. ಬಿಗಿದರೆ ಅದೇ ಇನ್ನೊಂದು ತೊಂದರೆ. ಕೈ ಸ್ವಲ್ಪವೇ ಬಾಗಿದ್ದರೆ ನರಕ್ಕೆ ಹಾಯಿ. ಆಸ್ಪತ್ರೆಯಲ್ಲಿ ಸ್ಪ್ಲಿಂಟ್ ಅಂತ ಕೊಡುವುದೂ ಇದಕ್ಕೇ. ಫೋನಿಗೆ ಇಯರ್‌ಫೋನ್ ಹಾಕಿಕೋ, ಮೇಜಿನ ಅಂಚಿಗೆ ಮೊಣಕೈ ಊರಬೇಡ, ಕುರ್ಚಿಯ ತೋಳು ಗಟ್ಟಿಯಿದ್ದರೆ ಮೆತ್ತೆ ಹಾಕಿಸು. ನರ ಸಲೀಸಾಗಿ ಜಾರುವ ವ್ಯಾಯಾಮ ಫಿಸಿಯೋಥೆರಪಿಯವರು ಕಲಿಸುತ್ತಾರೆ. ಮೊಬೈಲಿನಲ್ಲಿ ನೋಡಿ ಜೋರಾಗಿ ಎಳೆಯಬೇಡ. ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು ಹೀಗೆ ನೋಡು. ಆದರೆ ಜೋಮು ಇಳಿಯದೆ ನಿಂತೇಬಿಟ್ಟರೆ, ಹಿಡಿತ ಸಡಿಲವಾದರೆ, ಮಾಂಸ ಕರಗಿದರೆ ಒಂದು ವಾರವೂ ಕಾಯಬೇಡ.

ನನಗೆ ಆಪರೇಷನ್ ಆಯಿತು. ಓಣಿಯ ಮೇಲಿನ ಪಟ್ಟಿ ಬಿಡಿಸಿ, ನರವನ್ನು ಮೂಳೆಯ ಮುಂದಕ್ಕೆ ತಂದು ಕೂರಿಸಿದರು. ಕೆಲವರಿಗೆ ಪಟ್ಟಿ ಬಿಡಿಸಿದರಷ್ಟೇ ಸಾಕಾಗುತ್ತದೆ. ಜೋಮು ಇಳಿಯಿತು, ನಿದ್ದೆ ಬಂತು. ಆದರೆ ಘಾಸಿಯಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೊಣಕೈಯಿಂದ ಅಂಗೈಗೆ ಒಂದಡಿ ಅಂದರೂ ಹತ್ತಿರ ಹತ್ತಿರ ಒಂದು ವರ್ಷ. ಅಷ್ಟು ದಿನ ಹಸಿದ ಮಾಂಸ ಕಾದಿರಬೇಕಲ್ಲ. ನನ್ನದು ಆಗಲೇ ಮೂರು ವರ್ಷ ಕಾದು ಸೋತಿತ್ತು. ಈಗಲೂ ಅಂಗಿಯ ಗುಂಡಿಯನ್ನು ಎಡಗೈಯಲ್ಲೇ ಹಾಕಿಕೊಳ್ಳುತ್ತೇನೆ.

ಇವತ್ತು ರಾತ್ರಿ ಟವೆಲ್ ಸುತ್ತಿಕೊಂಡು ಮಲಗು. ಈ ಭಾನುವಾರ ಊರಿಗೆ ಬಾ. ಬಂದ ಬಸ್ಸಿನ ಟಿಕೆಟ್ ಬಿಸಾಡದೆ ತಾ, ನಿನ್ನ ಬೆರಳ ಸಂದಿಗೆ ಇಟ್ಟು ನಾನೇ ಎಳೆದು ನೋಡುತ್ತೇನೆ. ಸೋಮವಾರ ಡಾಕ್ಟರ ಹತ್ತಿರ ಜೊತೆಗೇ ಹೋಗೋಣ.